ಮೆಗ್ನೀಸಿಯಮ್ ಮಾತ್ರೆಗೆ ಮೊದಲು ನೋಡಬೇಕಾದ್ದು ಉಳಿದ ಮಾತ್ರೆಗಳನ್ನು

ಪ್ರಶ್ನೆ: ನನಗೆ 52 ವರ್ಷ. ಗ್ಯಾಸ್ಟ್ರಿಕ್‌ಗೆ ಎರಡು ವರ್ಷದಿಂದ ದಿನವೂ ಪ್ಯಾಂಟೊಪ್ರಜೋಲ್, ಬಿಪಿಗೆ ಹೈಡ್ರೋಕ್ಲೋರೋಥಯಾಜೈಡ್, ಥೈರಾಯ್ಡ್‌ಗೆ ಲೆವೋಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದೇನೆ. ಈಚೆಗೆ ರಾತ್ರಿ ಹೊತ್ತು ಮೀನಖಂಡ ಹಿಡಿದುಕೊಳ್ಳುತ್ತದೆ, ನಿದ್ದೆ ಸರಿಯಿಲ್ಲ, ಹಗಲೆಲ್ಲ ಸುಸ್ತು. ರಕ್ತದಲ್ಲಿ ಮೆಗ್ನೀಸಿಯಮ್ 1.8 ಇದೆ, 'ನಾರ್ಮಲ್' ಎಂದು ವರದಿ ಬಂದಿದೆ. ಪರಿಚಯದವರೊಬ್ಬರು ಮೆಗ್ನೀಸಿಯಮ್ ಆಕ್ಸೈಡ್ 500 ಮಿ.ಗ್ರಾಂ ಮಾತ್ರೆ ಕೊಟ್ಟಿದ್ದಾರೆ. ಇನ್ನೊಬ್ಬರು ಗ್ಲೈಸಿನೇಟ್ ತಗೊಳ್ಳಿ ಅನ್ನುತ್ತಾರೆ. ಯಾವುದು, ಎಷ್ಟು, ಯಾವಾಗ ತೆಗೆದುಕೊಳ್ಳಬೇಕು?

ಉತ್ತರ: ಆಕ್ಸೈಡೋ ಗ್ಲೈಸಿನೇಟೋ ಎಂಬುದು ಎರಡನೆಯ ಪ್ರಶ್ನೆ. ನೀವು ಈಗಾಗಲೇ ನುಂಗುತ್ತಿರುವ ಮೂರು ಮಾತ್ರೆಗಳಲ್ಲಿ ಎರಡು ಮೆಗ್ನೀಸಿಯಮ್ ಇಳಿಸುವಂಥವು, ಮೂರನೆಯದು ಮೆಗ್ನೀಸಿಯಮ್ ಮಾತ್ರೆ ಜೊತೆ ಸೇರಿದರೆ ತಾನೇ ಸರಿಯಾಗಿ ಹೀರಿಕೆಯಾಗದಂಥದ್ದು. ಸೋರಿಕೆ ಎಲ್ಲಿದೆ ಎಂದು ನೋಡದೆ ಮೇಲಿನಿಂದ ತುಂಬುತ್ತ ಹೋದರೆ ತಿಂಗಳುಗಟ್ಟಲೆ ಮಾತ್ರೆ ನುಂಗಿಯೂ ಏನೂ ಬದಲಾಗದೆ ಇರಬಹುದು.

ಮೊದಲು ಆ 1.8ರ ವಿಚಾರ. ವಯಸ್ಕರ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಮ್ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿ, ಉಳಿದದ್ದರಲ್ಲಿ ಬಹುಪಾಲು ಸ್ನಾಯು ಮತ್ತಿತರ ಜೀವಕೋಶಗಳ ಒಳಗೆ. ರಕ್ತದ ಸೀರಮ್‌ನಲ್ಲಿ ಇರುವುದು ಶೇಕಡಾ ಒಂದಕ್ಕಿಂತಲೂ ಕಡಿಮೆ. ನಾವು ಅಳೆಯುವುದು ಇದನ್ನೇ. ಈ ಪ್ರಮಾಣವನ್ನು ದೇಹ ಬಹಳ ಬಿಗಿಯಾಗಿ ಕಾಯ್ದುಕೊಳ್ಳುತ್ತದೆ: ಊಟದಲ್ಲಿ ಕಡಿಮೆಯಾದರೆ ಮೂತ್ರಪಿಂಡ ಹೊರಬಿಡುವುದನ್ನು ತಡೆಯುತ್ತದೆ, ಮೂಳೆಯಿಂದಲೂ ಸ್ವಲ್ಪ ಬರುತ್ತದೆ. ಹಾಗಾಗಿ ಸೀರಮ್ ಮಟ್ಟ ತೀರಾ ಕಡಿಮೆ ಇದ್ದರೆ ಕೊರತೆ ಇದೆ ಎಂದು ಖಚಿತವಾಗಿ ಹೇಳಬಹುದು. ಆದರೆ 'ನಾರ್ಮಲ್' ಬಂದ ಮಾತ್ರಕ್ಕೆ ಕೊರತೆ ಇಲ್ಲ ಎಂದು ಹೇಳಲಾಗದು.

ನಿಮ್ಮ ವರದಿಯ 1.8 ಎಂದರೆ ಪ್ರತಿ ಡೆಸಿಲೀಟರ್‌ಗೆ 1.8 ಮಿ.ಗ್ರಾಂ. ಇನ್ನೊಂದು ಮಾನದಲ್ಲಿ ಅದು ಲೀಟರ್‌ಗೆ 0.74 ಮಿಲಿಮೋಲ್. ಹಲವು ಲ್ಯಾಬುಗಳು 1.7ರಿಂದ 2.2ರವರೆಗೆ ಸರಿ ಎಂದು ಅಚ್ಚು ಹಾಕುತ್ತವೆ, ಆದರೆ ಕೊರತೆಯ ಗೆರೆಯನ್ನು 0.75 ಮಿಲಿಮೋಲ್‌ಗೆ ಎಳೆಯುವವರೂ ಇದ್ದಾರೆ. ಅಂದರೆ ನೀವು ನಿಂತಿರುವುದು ಗೆರೆಯ ಮೇಲೆ. ಎರಡು ವರ್ಷದ ಆ ಎರಡು ಮಾತ್ರೆಗಳ ಜೊತೆಗಿಟ್ಟು ನೋಡಿದರೆ ಈ 1.8 ಅನ್ನು 'ನಾರ್ಮಲ್' ಎಂದು ಮಡಿಸಿಡಲು ನನಗೆ ಮನಸ್ಸು ಬರುವುದಿಲ್ಲ. ಒಂದು ಎಚ್ಚರ: ರಕ್ತ ತೆಗೆಯುವಾಗಲೋ ಸಾಗಿಸುವಾಗಲೋ ಕೆಂಪು ರಕ್ತಕಣಗಳು ಒಡೆದರೆ ಒಳಗಿನ ಮೆಗ್ನೀಸಿಯಮ್ ಹೊರಬಂದು ಅಂಕಿ ಸುಳ್ಳೇ ಮೇಲೇರುತ್ತದೆ. ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಕಡಿಮೆ ಇರುವವರಲ್ಲಿ ಇದಕ್ಕೆ ತಿರುಗುಮುರುಗು, ಅಂಕಿ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ರಕ್ತದ ಮೆಗ್ನೀಸಿಯಮ್‌ನಲ್ಲಿ ಸುಮಾರು ಶೇ. 30 ಪ್ರೋಟೀನಿಗೆ ಅಂಟಿಕೊಂಡಿರುವುದೇ ಕಾರಣ.

ಈಗ ಮಾತ್ರೆಗಳಿಗೆ ಬರೋಣ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್‌ನಂಥ ಆಮ್ಲ ತಡೆಯುವ ಮಾತ್ರೆಗಳನ್ನು ದೀರ್ಘಕಾಲ ತೆಗೆದುಕೊಂಡರೆ ಕರುಳು ಮೆಗ್ನೀಸಿಯಮ್ ಹೀರಿಕೊಳ್ಳುವುದು ಕುಗ್ಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಹೆಚ್ಚಿನ ಪ್ರಕರಣಗಳು ಒಂದು ವರ್ಷಕ್ಕೂ ಮೀರಿ ಮಾತ್ರೆ ನುಂಗಿದವರಲ್ಲೇ ಕಂಡವು. ಅದಕ್ಕಿಂತ ಮುಖ್ಯವಾದದ್ದು ಮುಂದಿದೆ: ಪರಿಶೀಲಿಸಿದ ಪ್ರಕರಣಗಳಲ್ಲಿ ಸುಮಾರು ಕಾಲುಭಾಗದಲ್ಲಿ ಮೆಗ್ನೀಸಿಯಮ್ ಮಾತ್ರೆ ಕೊಟ್ಟರೂ ಮಟ್ಟ ಏರಲಿಲ್ಲ, ಆಮ್ಲದ ಮಾತ್ರೆಯನ್ನೇ ನಿಲ್ಲಿಸಬೇಕಾಯಿತು. ನಿಲ್ಲಿಸಿದ ಮೇಲೆ ಸುಮಾರು ಒಂದು ವಾರದಲ್ಲೇ ಮಟ್ಟ ಸರಿಹೋಯಿತು. ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಆದರೆ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದವರಲ್ಲಿ ಅಪಾಯ ಹೆಚ್ಚು. ನಿಮ್ಮ ಹೈಡ್ರೋಕ್ಲೋರೋಥಯಾಜೈಡ್ ಅಂಥದ್ದೇ, ಹಾಗಾಗಿ ನಿಮ್ಮದು ಅದೇ ಜೋಡಿ.

ಹೈಡ್ರೋಕ್ಲೋರೋಥಯಾಜೈಡ್‌ನ ದಾರಿ ಬೇರೆ. ಮೂತ್ರಪಿಂಡ ದಿನಕ್ಕೆ 2 ಗ್ರಾಂಗೂ ಹೆಚ್ಚು ಮೆಗ್ನೀಸಿಯಮ್ ಸೋಸಿ, ಅದರಲ್ಲಿ ಸುಮಾರು ಶೇ. 95ನ್ನು ವಾಪಸ್ ಎಳೆದುಕೊಳ್ಳುತ್ತದೆ. ಆ ಎಳೆದುಕೊಳ್ಳುವ ಕೊನೆಯ ಹಂತಕ್ಕೆ ಥಯಾಜೈಡ್ ಅಡ್ಡಿಮಾಡುತ್ತದೆ. ಪೊಟ್ಯಾಸಿಯಮ್ ಕೂಡ ಹೀಗೇ ಮೂತ್ರದಲ್ಲಿ ಹೋಗುತ್ತದೆ. ಮದ್ಯ, ಹತೋಟಿಯಲ್ಲಿಲ್ಲದ ಶುಗರ್, ಬಹುಕಾಲದ ಬೇಧಿ, ಸಿಸ್‌ಪ್ಲಾಟಿನ್‌ನಂಥ ಕ್ಯಾನ್ಸರ್ ಔಷಧ, ಅಂಗಕಸಿ ಆದವರು ತೆಗೆದುಕೊಳ್ಳುವ ಟ್ಯಾಕ್ರೊಲಿಮಸ್ ಇವೂ ಮೆಗ್ನೀಸಿಯಮ್ ಕಳೆಯುವಂಥವೇ. ನೀವು ಇವುಗಳಲ್ಲಿ ಯಾವುದನ್ನೂ ಹೇಳಿಲ್ಲ.

ಸೋರಿಕೆ ಕರುಳಿನಲ್ಲೋ ಮೂತ್ರದಲ್ಲೋ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ, ಬರೆಸಿಕೊಳ್ಳುವವರು ಮಾತ್ರ ಕಡಿಮೆ. ಒಂದೇ ಹೊತ್ತಿಗೆ ರಕ್ತ ಮತ್ತು ಮೂತ್ರ ಎರಡನ್ನೂ ಕೊಟ್ಟು, ಎರಡರಲ್ಲೂ ಮೆಗ್ನೀಸಿಯಮ್ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ಸ್ನಾಯುವಿನ ತ್ಯಾಜ್ಯ) ಅಳೆಸಬೇಕು. ಮೂತ್ರದ ಮೆಗ್ನೀಸಿಯಮ್ ಅನ್ನು ರಕ್ತದ ಕ್ರಿಯಾಟಿನಿನ್‌ನಿಂದ ಗುಣಿಸಿ. ರಕ್ತದ ಮೆಗ್ನೀಸಿಯಮ್, ಮೂತ್ರದ ಕ್ರಿಯಾಟಿನಿನ್ ಮತ್ತು 0.7 ಈ ಮೂರನ್ನೂ ಗುಣಿಸಿ ಬಂದದ್ದರಿಂದ ಮೊದಲಿನದನ್ನು ಭಾಗಿಸಿ, 100ರಿಂದ ಗುಣಿಸಿ. ಉದಾಹರಣೆಗೆ ರಕ್ತದ ಮೆಗ್ನೀಸಿಯಮ್ 1.5, ಕ್ರಿಯಾಟಿನಿನ್ 0.8, ಮೂತ್ರದ ಮೆಗ್ನೀಸಿಯಮ್ 6, ಕ್ರಿಯಾಟಿನಿನ್ 90 ಇದ್ದರೆ ಉತ್ತರ ಸುಮಾರು ಶೇ. 5, ಅಂದರೆ ಸೋಸಿದ ಮೆಗ್ನೀಸಿಯಮ್‌ನಲ್ಲಿ ಮೂತ್ರದಲ್ಲಿ ಹೊರಹೋಗುವ ಪಾಲು. ಕೊರತೆ ಇರುವಾಗ, ಮೂತ್ರಪಿಂಡ ಸರಿಯಿದ್ದರೆ, ಇದು ಶೇ. 2ಕ್ಕಿಂತ ಕೆಳಗಿರಬೇಕು. ಮೇಲಿದ್ದರೆ ಸೋರುತ್ತಿರುವುದು ಮೂತ್ರದಲ್ಲಿ, ಬೆರಳು ತೋರಬೇಕಾದ್ದು ಥಯಾಜೈಡ್ ಕಡೆಗೆ. ಕೆಳಗಿದ್ದರೆ ಮೂತ್ರಪಿಂಡ ತನ್ನ ಕೆಲಸ ಮಾಡುತ್ತಿದೆ, ಕರುಳಿನಿಂದಲೇ ಸಾಕಷ್ಟು ಒಳಗೆ ಬರುತ್ತಿಲ್ಲ ಎಂದರ್ಥ. ರಕ್ತದ ಮಟ್ಟ ನಿಜಕ್ಕೂ ಇಳಿದಿರುವಾಗ ಈ ಲೆಕ್ಕ ಚೆನ್ನಾಗಿ ಕೆಲಸಕ್ಕೆ ಬರುತ್ತದೆ, 1.8ರಲ್ಲಿ ಅದು ಸುಳಿವು ಕೊಡಬಹುದು, ಅಷ್ಟೆ.

ಅದೇ ರಕ್ತದಲ್ಲಿ ಪೊಟ್ಯಾಸಿಯಮ್, ಕ್ಯಾಲ್ಸಿಯಮ್, ಥೈರಾಯ್ಡ್ ಪರೀಕ್ಷೆಯಾದ ಟಿಎಸ್‌ಎಚ್ ಕೂಡ ಬರೆಸಿ. ಇವುಗಳಲ್ಲಿ ಮೊದಲ ಎರಡು ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮೆಗ್ನೀಸಿಯಮ್ ಇಳಿದಾಗ ಕಾಣಿಸುವ ತೊಂದರೆಗಳಲ್ಲಿ ಎಷ್ಟೋ ಅದರ ನೇರ ಕೆಲಸವಲ್ಲ, ಈ ಇಬ್ಬರು ಜೊತೆಗಾರರು ಇಳಿದದ್ದರ ಫಲ. ಜೀವಕೋಶದ ಶಕ್ತಿಯ ನಾಣ್ಯವೆನ್ನುವ ಎಟಿಪಿ ಕೆಲಸಕ್ಕೆ ಬರುವುದೇ ಮೆಗ್ನೀಸಿಯಮ್ ಜೊತೆಗೂಡಿದಾಗ. 300ಕ್ಕೂ ಹೆಚ್ಚು ಕಿಣ್ವಗಳಿಗೆ ಅದು ಬೇಕು. ಪೊಟ್ಯಾಸಿಯಮ್ ಅನ್ನು ಕೋಶದೊಳಗೆ ತಳ್ಳುವ ಪಂಪು ನಡೆಯುವುದೂ ಹೀಗೆಯೇ. ಮೂತ್ರಪಿಂಡದ ನಾಳಗಳಲ್ಲಂತೂ ಕೋಶದೊಳಗಿನ ಮೆಗ್ನೀಸಿಯಮ್ ಪೊಟ್ಯಾಸಿಯಮ್ ಹೊರಹೋಗುವ ಕಿಂಡಿಗೆ ಬಿರಡೆಯಂತೆ ಕೂತಿರುತ್ತದೆ. ಮೆಗ್ನೀಸಿಯಮ್ ಇಳಿದರೆ ಬಿರಡೆ ಸಡಿಲವಾಗಿ ಪೊಟ್ಯಾಸಿಯಮ್ ಮೂತ್ರಕ್ಕೆ ಹರಿದುಹೋಗುತ್ತದೆ. ಅದಕ್ಕೇ ಕೆಲವರಿಗೆ ಎಷ್ಟು ಪೊಟ್ಯಾಸಿಯಮ್ ಸಿರಪ್ ಕುಡಿಸಿದರೂ ಅಂಕಿ ಮೇಲೇಳುವುದಿಲ್ಲ, ಮೆಗ್ನೀಸಿಯಮ್ ತುಂಬಿದ ಮೇಲಷ್ಟೇ ಏರುತ್ತದೆ. ಕ್ಯಾಲ್ಸಿಯಮ್ ಕತೆಯೂ ಹಾಗೇ: ಮೆಗ್ನೀಸಿಯಮ್ ತೀರಾ ಕಡಿಮೆಯಾದರೆ ಪ್ಯಾರಾಥೈರಾಯ್ಡ್ ಗ್ರಂಥಿ ಹಾರ್ಮೋನ್ ಬಿಡುವುದೂ ಕಡಿಮೆ, ಬಿಟ್ಟ ಹಾರ್ಮೋನಿಗೆ ಮೂಳೆ ಓಗೊಡುವುದೂ ಕಡಿಮೆ. ಕೈಬೆರಳು ಸೆಟೆದುಕೊಳ್ಳುವುದು, ಬಾಯಿಯ ಸುತ್ತ ಜುಮ್ಮೆನ್ನುವುದು ಆಗ ಶುರುವಾಗುತ್ತದೆ.

ಟಿಎಸ್‌ಎಚ್ ಕೇಳಿದ್ದಕ್ಕೆ ಕಾರಣ ಬೇರೆ. ಥೈರಾಯ್ಡ್ ಕಡಿಮೆಯಾದರೂ ಸುಸ್ತು, ಸ್ನಾಯು ಸೆಳೆತ ಬರುತ್ತವೆ. ಹೊಟ್ಟೆಯ ಆಮ್ಲ ತಗ್ಗಿದಾಗ ಲೆವೋಥೈರಾಕ್ಸಿನ್ ಹೀರಿಕೊಳ್ಳುವುದು ಕುಂದುವುದುಂಟು. ನಿಮ್ಮ ತೊಂದರೆಯ ಮೂಲ ಅದೇ ಇರಬಹುದು. ಆಗ ಮೆಗ್ನೀಸಿಯಮ್ ಡಬ್ಬಿಯಿಂದ ಏನೂ ಆಗದು.

ವೈದ್ಯರ ಬಳಿ ಕೇಳಬೇಕಾದ್ದು ಎರಡು ಪ್ರಶ್ನೆ. ಪ್ಯಾಂಟೊಪ್ರಜೋಲ್ ಇನ್ನೂ ಬೇಕೇ? ಅನ್ನನಾಳದಲ್ಲಿ ಹುಣ್ಣು, ರಕ್ತಸ್ರಾವದ ಇತಿಹಾಸ, ಅಥವಾ ನೋವಿನ ಮಾತ್ರೆ, ರಕ್ತ ತೆಳುಮಾಡುವ ಮಾತ್ರೆಗಳಿಂದ ಹೊಟ್ಟೆ ಕಾಯಬೇಕಾದ ಪ್ರಸಂಗ ಇದ್ದರೆ ಅದು ಬೇಕೇ ಬೇಕು. ಒಮ್ಮೆ ಎದೆಯುರಿಗೆ ಬರೆದದ್ದು ಹಾಗೇ ಮುಂದುವರಿದಿದ್ದರೆ ಪ್ರಮಾಣ ಇಳಿಸಬಹುದು, ಇಲ್ಲವೇ ಮೆಗ್ನೀಸಿಯಮ್‌ಗೆ ಈ ರೀತಿ ಅಡ್ಡಬಾರದ ಫ್ಯಾಮೊಟಿಡಿನ್‌ಗೆ ಬದಲಿಸಬಹುದು. ನೀವೇ ಒಂದು ದಿನ ನಿಲ್ಲಿಸಿಬಿಡಬೇಡಿ. ತಡೆದಿಟ್ಟಿದ್ದ ಆಮ್ಲ ಒಮ್ಮೆಲೇ ಉಕ್ಕಿ ಕೆಲವು ವಾರ ಮೊದಲಿಗಿಂತ ಹೆಚ್ಚು ಉರಿಯುತ್ತದೆ, ಜನ ಹೆದರಿ ಮತ್ತೆ ಅದೇ ಮಾತ್ರೆಗೆ ಹೋಗುತ್ತಾರೆ. ಎರಡನೆಯದು, ಬಿಪಿಗೆ ಥಯಾಜೈಡ್ ಬದಲು ಬೇರೆ ಗುಂಪಿನ ಮಾತ್ರೆ ಆಗುತ್ತದೆಯೇ, ಅಥವಾ ಅದರ ಜೊತೆ ಪೊಟ್ಯಾಸಿಯಮ್, ಮೆಗ್ನೀಸಿಯಮ್ ಎರಡನ್ನೂ ಉಳಿಸುವ ಅಮಿಲೋರೈಡ್‌ನಂಥದ್ದನ್ನು ಸೇರಿಸಬಹುದೇ?

ಇಷ್ಟಾದ ಮೇಲೆ ನಿಮ್ಮ ಕೈಯಲ್ಲಿರುವ ಡಬ್ಬಿ. ಮೆಗ್ನೀಸಿಯಮ್ ಮಾತ್ರೆಗಳಲ್ಲಿ ಅತಿ ಹೆಚ್ಚು ಗೊಂದಲವಾಗುವುದು ಮಿಲಿಗ್ರಾಂ ಲೆಕ್ಕದಲ್ಲಿ. ಲವಣದ ತೂಕ ಬೇರೆ, ಅದರೊಳಗಿನ ಮೆಗ್ನೀಸಿಯಮ್ ತೂಕ ಬೇರೆ. ಆಕ್ಸೈಡ್‌ನಲ್ಲಿ ಶೇ. 60 ಮೆಗ್ನೀಸಿಯಮ್, ಸಿಟ್ರೇಟ್‌ನಲ್ಲಿ ಸುಮಾರು 16, ಗ್ಲೈಸಿನೇಟ್‌ನಲ್ಲಿ 14, ಥ್ರಿಯೊನೇಟ್‌ನಲ್ಲಿ ಬರೀ 8. ಹಾಗಾಗಿ 500 ಮಿ.ಗ್ರಾಂ ಆಕ್ಸೈಡ್ ಎಂದರೆ 300 ಮಿ.ಗ್ರಾಂ ಮೆಗ್ನೀಸಿಯಮ್, 500 ಮಿ.ಗ್ರಾಂ ಗ್ಲೈಸಿನೇಟ್ ಎಂದರೆ 70. 'ಎಲಿಮೆಂಟಲ್ ಮೆಗ್ನೀಸಿಯಮ್' ಎಂದು ಡಬ್ಬಿಯ ಹಿಂದೆ ಬರೆದ ಅಂಕಿಯೇ ನಿಮಗೆ ಬೇಕಾದ್ದು. ಮುಂದೆ ದಪ್ಪಕ್ಷರದಲ್ಲಿ ಇರುವುದು ಯಾವುದರ ತೂಕವೆಂದು ಒಂದೊಂದು ಕಂಪನಿಯದು ಒಂದೊಂದು ರೀತಿ. ಎಲಿಮೆಂಟಲ್ ಎಷ್ಟೆಂದು ಎಲ್ಲೂ ಬರೆಯದ ಡಬ್ಬಿಯನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಆಕ್ಸೈಡ್ ಅಗ್ಗ, ಒಂದು ಮಾತ್ರೆಯಲ್ಲಿ ಹೆಚ್ಚು ತುಂಬುತ್ತದೆ. ಆದರೆ ನೀರಿನಲ್ಲಿ ಕರಗದು, ಕರಗಲು ಹೊಟ್ಟೆಯ ಆಮ್ಲ ಬೇಕು. ಆಮ್ಲವನ್ನೇ ತಡೆಯುವ ಮಾತ್ರೆ ನುಂಗುವ ನಿಮಗೆ ಇದರಷ್ಟು ಹೊಂದದ ರೂಪ ಇನ್ನೊಂದಿಲ್ಲ: ಹೀರಿಕೆಯಾಗದೆ ಉಳಿದದ್ದು ಕರುಳಿನಲ್ಲಿ ನೀರೆಳೆದುಕೊಂಡು ಬೇಧಿ ಮಾಡಿಸುತ್ತದೆ, ಬೇಧಿಯಲ್ಲಿ ಮತ್ತಷ್ಟು ಮೆಗ್ನೀಸಿಯಮ್ ಹೋಗುತ್ತದೆ. ಸಿಟ್ರೇಟ್ ಚೆನ್ನಾಗಿ ಕರಗುತ್ತದೆ; ಮಲಬದ್ಧತೆ ಇರುವವರಿಗೆ ಅದರ ಸಡಿಲಿಸುವ ಗುಣ ಅನುಕೂಲವೇ. ಹೊಟ್ಟೆ ಸೂಕ್ಷ್ಮವಾಗಿದ್ದರೆ ಗ್ಲೈಸಿನೇಟ್. 'ಮಿದುಳಿಗೆ ಇದು, ಹೃದಯಕ್ಕೆ ಅದು' ಎಂದು ರೂಪಕ್ಕೊಂದು ಅಂಗ ಹಂಚಿ ಮಾರುವುದನ್ನು ನಾನು ಒಪ್ಪುವುದಿಲ್ಲ. ಕರುಳು ದಾಟಿದ ಮೇಲೆ ಎಲ್ಲವೂ ಅದೇ ಮೆಗ್ನೀಸಿಯಮ್ ಅಯಾನು. ಎಪ್ಸಮ್ ಉಪ್ಪಿನ (ಮೆಗ್ನೀಸಿಯಮ್ ಸಲ್ಫೇಟ್) ನೀರಲ್ಲಿ ಕಾಲಿಟ್ಟರೆ ಹಾಯೆನಿಸುವುದು ಬಿಸಿನೀರಿನ ಗುಣ. ಚರ್ಮದ ಮೂಲಕ ಕೊರತೆ ತುಂಬುವಷ್ಟು ಒಳಗಿಳಿಯುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ.

ಪ್ರಮಾಣ: ನಿಮ್ಮ ವಯಸ್ಸಿನ ಮಹಿಳೆಗೆ ಊಟವೂ ಸೇರಿ ದಿನಕ್ಕೆ ಸುಮಾರು 320 ಮಿ.ಗ್ರಾಂ, ಗಂಡಸರಿಗೆ 420 ಬೇಕು ಎಂದು ಅಮೆರಿಕದ ಶಿಫಾರಸು. ಮಾತ್ರೆಯಿಂದ ಬರುವುದಕ್ಕೆ ಅಲ್ಲಿ ಹಾಕಿದ ಮೇಲ್ಮಿತಿ 350, ಯುರೋಪಿನಲ್ಲಿ 250. ಊಟದ ಮೆಗ್ನೀಸಿಯಮ್‌ಗೆ ಮಿತಿಯಿಲ್ಲ. ಕ್ರಿಯಾಟಿನಿನ್ ಸರಿಯಿದ್ದು ವೈದ್ಯರು ಒಪ್ಪಿದರೆ, 100 ಮಿ.ಗ್ರಾಂ ಎಲಿಮೆಂಟಲ್‌ನಿಂದ ಶುರುಮಾಡಿ ರಾತ್ರಿ ಊಟದ ಜೊತೆ ತೆಗೆದುಕೊಳ್ಳಿ. ವಾರ ಕಳೆದು ಹೊಟ್ಟೆ ಸರಿಯಿದ್ದರೆ ಮಧ್ಯಾಹ್ನದ ಊಟಕ್ಕೆ ಇನ್ನೊಂದು 100 ಸೇರಿಸಿ. ಒಂದೇ ಸಲ ಹೆಚ್ಚು ನುಂಗಿದಷ್ಟೂ ಹೀರಿಕೆಯಾಗುವ ಪಾಲು ಕಡಿಮೆ. ಅದಕ್ಕೇ ಹಂಚಿ ತಗೊಳ್ಳಿ ಅನ್ನುವುದು. ಮಲ ನೀರಾದರೆ ಹಿಂದಿನ ಪ್ರಮಾಣಕ್ಕೆ ಇಳಿಯಿರಿ.

ಲೆವೋಥೈರಾಕ್ಸಿನ್‌ಗೂ ಮೆಗ್ನೀಸಿಯಮ್‌ಗೂ ನಡುವೆ ಕನಿಷ್ಠ 4 ಗಂಟೆ ಇರಲಿ. ಬೆಳಿಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆಯಾದರೆ ಮಧ್ಯಾಹ್ನ, ರಾತ್ರಿಯ ಊಟ ಎರಡೂ ಸುರಕ್ಷಿತ. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯಾಟಿಕ್ ಬರೆದರೆ ಮೆಗ್ನೀಸಿಯಮ್ ಅದಕ್ಕಂಟಿಕೊಂಡು ಹೀರಿಕೆಯಾಗದಂತೆ ಮಾಡುತ್ತದೆ. ಆ್ಯಂಟಿಬಯಾಟಿಕ್ ಅನ್ನು 2 ಗಂಟೆ ಮೊದಲು ಇಲ್ಲವೇ 4ರಿಂದ 6 ಗಂಟೆ ನಂತರ ತೆಗೆದುಕೊಳ್ಳಿ, ಅಥವಾ ಆ ಕೆಲವು ದಿನ ಮೆಗ್ನೀಸಿಯಮ್ ಅನ್ನೇ ಬಿಡಿ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಇದ್ದರೆ ಎರಡರ ನಡುವೆ 2 ಗಂಟೆ ಬಿಡುವು ಬೇಕು.

ಕಿಡ್ನಿ ಕೆಲಸ ಕುಗ್ಗಿದವರಿಗೆ ಈ ಮೇಲಿನ ಲೆಕ್ಕ ಯಾವುದೂ ಅನ್ವಯಿಸದು. ಇಜಿಎಫ್‌ಆರ್ (ಮೂತ್ರಪಿಂಡದ ಸೋಸುವ ಶಕ್ತಿ ತೋರಿಸುವ ಅಂಕಿ) 30ಕ್ಕಿಂತ ಕಡಿಮೆ ಇದ್ದರೆ ವೈದ್ಯರು ಹೇಳದೆ ಮೆಗ್ನೀಸಿಯಮ್ ಮಾತ್ರೆಯನ್ನಾಗಲಿ, ಮೆಗ್ನೀಸಿಯಮ್ ಇರುವ ಆ್ಯಂಟಾಸಿಡ್ ಅಥವಾ ಬೇಧಿ ಔಷಧವನ್ನಾಗಲಿ ಮುಟ್ಟಬಾರದು. ಹೆಚ್ಚುವರಿಯನ್ನು ಹೊರಹಾಕುವ ದಾರಿ ಮೂತ್ರಪಿಂಡ ಮಾತ್ರ. ಅದು ಮುಚ್ಚಿದಾಗ ಓಕರಿಕೆ, ಮೈ ಕೆಂಪೇರುವುದು, ಬಿಪಿ ಇಳಿಯುವುದು, ಮಂಪರು, ಆಮೇಲೆ ಮೊಣಕಾಲಿನ ಪ್ರತಿವರ್ತನೆ ಹೋಗುವುದು, ಕೊನೆಗೆ ಉಸಿರಾಟವೂ ಹೃದಯವೂ ನಿಧಾನವಾಗುವುದು ಹೀಗೆ ಏರುತ್ತ ಹೋಗುತ್ತದೆ. ಮಯಸ್ತೇನಿಯಾ ಗ್ರೇವಿಸ್ (ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದ ಕಾಯಿಲೆ) ಇರುವವರೂ ದೂರವಿರಬೇಕು, ಸ್ನಾಯು ದೌರ್ಬಲ್ಯ ಹೆಚ್ಚುತ್ತದೆ.

ಊಟದಿಂದಲೇ ಎಷ್ಟು ಬರುತ್ತದೆ? 28 ಗ್ರಾಂ ಸಿಹಿಗುಂಬಳದ ಬೀಜದಲ್ಲಿ ಸುಮಾರು 156 ಮಿ.ಗ್ರಾಂ, ಅಷ್ಟೇ ಬಾದಾಮಿಯಲ್ಲಿ 80, ಗೋಡಂಬಿಯಲ್ಲಿ 74, ಬೇಯಿಸಿದ ಪಾಲಕ್ ಅರ್ಧ ಕಪ್‌ನಲ್ಲಿ 78. ಬಾಳೆಹಣ್ಣಿಗೆ ಇರುವ ಹೆಸರು ದೊಡ್ಡದು, ಒಂದರಲ್ಲಿ ಸಿಗುವುದು 32 ಮಾತ್ರ. ಧಾನ್ಯದ ತೌಡು, ಮೊಳಕೆ ಭಾಗ ತೆಗೆದಾಗ ಬಹುಪಾಲು ಮೆಗ್ನೀಸಿಯಮ್ ಅದರೊಟ್ಟಿಗೇ ಹೋಗುತ್ತದೆ. ಪಾಲಿಶ್ ಮಾಡದ ಧಾನ್ಯಕ್ಕೆ ಬದಲಾಯಿಸಿದರೆ ಬೇರೇನೂ ಮಾಡದೆ ಲೆಕ್ಕ ಏರುತ್ತದೆ. ಸೊಪ್ಪು ಬೇಯಿಸಿದ ನೀರು ಚೆಲ್ಲಿದರೆ ಕರಗಿದ ಮೆಗ್ನೀಸಿಯಮ್ ಕೂಡ ಚೆಲ್ಲಿದಂತೆ. ಕಾಳುಗಳನ್ನು ನೆನೆಸಿ ಮೊಳಕೆ ಬರಿಸಿದರೆ ಮೆಗ್ನೀಸಿಯಮ್ ಹಿಡಿದಿಡುವ ಫೈಟೇಟ್ ತಗ್ಗಿ ಹೀರಿಕೆ ಸುಧಾರಿಸುತ್ತದೆ. ಊಟದ ಮೆಗ್ನೀಸಿಯಮ್‌ನಲ್ಲಿ ದೇಹ ಹೀರಿಕೊಳ್ಳುವುದು ಹೇಗೂ ಶೇ. 30ರಿಂದ 40.

ಮೆಗ್ನೀಸಿಯಮ್ ಸರಿಯಾದರೆ ಮೀನಖಂಡ ಹಿಡಿಯುವುದು ನಿಲ್ಲುತ್ತದೆಯೇ? ಕೊರತೆಯಿಂದಲೇ ಬಂದದ್ದಾದರೆ ನಿಲ್ಲಬೇಕು. ಆದರೆ ಕೊರತೆ ಇದೆಯೋ ಇಲ್ಲವೋ ನೋಡದೆ ವಯಸ್ಸಾದವರ ರಾತ್ರಿಯ ಸೆಳೆತಕ್ಕೆ ಮೆಗ್ನೀಸಿಯಮ್ ಕೊಟ್ಟ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆ (2020) ಗಣನೀಯ ಪ್ರಯೋಜನ ಸಿಗುವ ಸಂಭವ ಕಡಿಮೆ ಎಂದಿತು. ನಿದ್ದೆಯ ಪುರಾವೆ ಇನ್ನೂ ತೆಳು: ಚಿಕ್ಕ ಪ್ರಯೋಗಗಳು, ನಿದ್ದೆ ಹತ್ತುವುದು ಕೆಲವು ನಿಮಿಷ ಬೇಗವಾದದ್ದು. ಬಿಪಿ ಮೇಲೆ ಪರಿಣಾಮ ನಿಜ, ಆದರೆ ಸಣ್ಣದು. 34 ಪ್ರಯೋಗಗಳ ಒಟ್ಟು ಲೆಕ್ಕದಲ್ಲಿ ಮೇಲಿನ ಅಂಕಿ ಸರಾಸರಿ 2 ಪಾಯಿಂಟ್ ಇಳಿಯಿತು, ಬಿಪಿ ಮಾತ್ರೆ ಬಿಡುವಷ್ಟಲ್ಲ. ಗರ್ಭಿಣಿಯರ ಬಿಪಿ ವಿಪರೀತಕ್ಕೇರಿದಾಗ ಫಿಟ್ಸ್ ತಡೆಯಲು ಕೊಡುವ ಮೆಗ್ನೀಸಿಯಮ್ ಸಲ್ಫೇಟ್ ಇಂಜೆಕ್ಷನ್‌ನ ಫಲ ಮಾತ್ರ ದೊಡ್ಡದು. 2002ರ ಮ್ಯಾಗ್‌ಪೈ ಪ್ರಯೋಗ ಸುಮಾರು 10,000 ಮಹಿಳೆಯರಲ್ಲಿ ಫಿಟ್ಸ್ ಅಪಾಯ ಅರ್ಧಕ್ಕಿಳಿದದ್ದನ್ನು ತೋರಿಸಿತು. ಅದು ಆಸ್ಪತ್ರೆಯ ಔಷಧ. ಅದರ ಕೀರ್ತಿಯನ್ನು ಡಬ್ಬಿಯ ಮಾತ್ರೆಗೆ ಅಂಟಿಸಬಾರದು.

ಈ ನಡುವೆ ಮಲಗುವ ಮುಂಚೆ ಗೋಡೆಗೆ ಕೈಕೊಟ್ಟು ನಿಂತು, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೂರಿ, ಮೀನಖಂಡ ಎಳೆದಂತಾಗುವವರೆಗೆ ಮುಂದೆ ಬಾಗಿ 30 ಸೆಕೆಂಡ್ ಹಿಡಿಯಿರಿ. ಎರಡೂ ಕಾಲಿಗೆ ಮೂರು ಸಲ. ಹಿಡಿದುಕೊಂಡಾಗ ಮೊಣಕಾಲು ನೆಟ್ಟಗೆ ಮಾಡಿ ಪಾದದ ಬೆರಳುಗಳನ್ನು ಮೇಲಕ್ಕೆ, ನಿಮ್ಮ ಕಡೆಗೆ ಎಳೆದುಕೊಳ್ಳಿ. ಎದೆ ಢವಗುಟ್ಟಿ ಬಡಿತ ತಪ್ಪಿದರೆ, ತಲೆ ಸುತ್ತಿ ಬಿದ್ದರೆ, ಕೈಬೆರಳು ಸೆಟೆದುಕೊಂಡರೆ, ಫಿಟ್ಸ್ ಬಂದರೆ ಮಾತ್ರೆಯ ಲೆಕ್ಕ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಮಾತ್ರೆ ಶುರುಮಾಡಿದ ದಿನದಿಂದ ಎಷ್ಟು ರಾತ್ರಿ ಸೆಳೆತ ಬಂತೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಬನ್ನಿ. ರಕ್ತದ ಅಂಕಿ ಬೇಗ ಏರಿದರೂ ಕೋಶಗಳು ತುಂಬಲು ವಾರಗಳು ಬೇಕು. ಆರು ವಾರದ ನಂತರ, ಆ ದಿನದ ಮಾತ್ರೆ ನುಂಗುವ ಮೊದಲು, ಮೆಗ್ನೀಸಿಯಮ್, ಪೊಟ್ಯಾಸಿಯಮ್, ಕ್ರಿಯಾಟಿನಿನ್ ಮತ್ತೆ ನೋಡಿಸಿ. ಮಟ್ಟ 2ಕ್ಕೇರಿ ಸೆಳೆತವೂ ತಗ್ಗಿದ್ದರೆ ಮುಂದುವರಿಸಬಹುದು. ಮಟ್ಟ ಏರಿದರೂ ಸೆಳೆತ ಹಾಗೇ ಇದ್ದರೆ ಅದರ ಕಾರಣ ಮೆಗ್ನೀಸಿಯಮ್ ಅಲ್ಲ, ಬೇರೆಡೆ ಹುಡುಕಿ. ಮಟ್ಟವೇ ಏರದಿದ್ದರೆ ಮಾತ್ರೆಯ ಪ್ರಮಾಣ ಹೆಚ್ಚಿಸುವ ಮೊದಲು ಪ್ಯಾಂಟೊಪ್ರಜೋಲ್ ವಿಷಯವನ್ನು ವೈದ್ಯರ ಮುಂದೆ ಮತ್ತೊಮ್ಮೆ ಎತ್ತಿ.